ಯಾರೂ ಇಲ್ಲ ಎಂದವಳು

"ತಲೆ ಹಿಡ್ಕೋ ತಿಮ್ಮಕ್ಕ, ಗಟ್ಟಿಯಾಗಿ ಹಿಡ್ಕೋ. ಹಲ್ಲು ಕಚ್ಚಿದಾನೆ, ಮಜ್ಜಿಗೆ ಇಳೀತಿಲ್ಲ" ಎಂದು ಶಿವಮೂರ್ತಪ್ಪ ಮೇಷ್ಟ್ರು ಕೂಗಿದಾಗ ತಿಮ್ಮಕ್ಕ ಸೌಟನ್ನು ಅಲ್ಲೇ ಬಿಟ್ಟು ಓಡಿ ಬಂದಳು. ಗಾಡಿಯಿಂದ ಇಳಿಸಿದ ಮನುಷ್ಯನನ್ನು ಗೋಣಿತಾಟಿನ ಮೇಲೆ ಮಲಗಿಸಿದ್ದರು. ಬೀರೂರು ಸ್ಟೇಷನ್ನಿನ ಪ್ಲಾಟ್‌ಫಾರ್ಮಿನ ಕೊನೆಯಲ್ಲಿ ಎರಡು ದಿನದಿಂದ ಬಿದ್ದಿದ್ದನಂತೆ. ಗಡ್ಡ, ಮಣ್ಣು, ವಾಂತಿ ಎಲ್ಲ ಒಟ್ಟಿಗೆ ಒಣಗಿ ಮುಖ ಯಾವುದೆಂದೇ ತಿಳಿಯುತ್ತಿರಲಿಲ್ಲ. ಅವಳು ನೆಲಕ್ಕೆ ಕೂತು ತಲೆಯನ್ನು ತೊಡೆಯ ಮೇಲೆ ಎತ್ತಿಕೊಂಡಳು. ಅಲ್ಲಿದ್ದವರಲ್ಲೊಬ್ಬನಾದ ದೇವೀರಪ್ಪ ದವಡೆ ಒತ್ತಿ ಬಾಯಿ ಬಿಡಿಸಿದ. ಮೇಷ್ಟ್ರು ಲೋಟ ಬಗ್ಗಿಸಿದರು. ಅರ್ಧ ಒಳಗೆ ಹೋಯಿತು, ಅರ್ಧ ಅವಳ ಸೀರೆಗೆ ಚೆಲ್ಲಿತು. ಒದ್ದೆಯಾದ ಸೆರಗಿನಿಂದಲೇ ಅವಳು ಆ ಮುಖ ಒರೆಸತೊಡಗಿದಳು. ಒರೆಸಿದ ಹಾಗೆ ಕೆಳಗಿನಿಂದ ಮಗನ ಮುಖ ಹೊರಗೆ ಬಂತು.

ಅವಳ ಕೈ ನಿಂತಿತು.

"ಏನಾಯ್ತು?" ಎಂದರು ಮೇಷ್ಟ್ರು.

"ಏನಿಲ್ಲ ಮೇಷ್ಟ್ರೆ. ನಾತ ಹೊಡೀತು."

ತಲೆಯನ್ನು ಮೆಲ್ಲಗೆ ಗೋಣಿತಾಟಿನ ಮೇಲೆ ಇಳಿಸಿ, ಒಲೆಯ ಮೇಲಿನ ಸಾರು ನೋಡುವ ನೆಪದಲ್ಲಿ ಎದ್ದು ಹೋದಳು. ಸಾರು ಆಗಲೇ ತಳ ಹಿಡಿದಿತ್ತು.

ಅಜ್ಜಂಪುರದಿಂದ ಶಿವನಿ ಊರಿಗೆ ಹೋಗುವ ರಸ್ತೆಯಲ್ಲಿ, ಊರಿನ ಕೊನೆಯ ಮನೆ ದಾಟಿದ ಮೇಲೆ, ಮುಚ್ಚಿಹೋದ ಹತ್ತಿ ಮಿಲ್ಲಿನ ಶೆಡ್ಡೊಂದಿತ್ತು. ಮಿಡ್ಲ್ ಸ್ಕೂಲಿನ ಹೆಡ್‌ಮಾಸ್ಟರಾಗಿ ನಿವೃತ್ತರಾದ ಶಿವಮೂರ್ತಪ್ಪನವರು ಅದನ್ನು ಮಾಲೀಕನಿಂದ ಬೇಡಿ ಪಡೆದು, ಎಪ್ಪತ್ತೊಂಬತ್ತನೆಯ ಇಸವಿಯಲ್ಲಿ ಅಲ್ಲೊಂದು ಆಶ್ರಮ ಮಾಡಿದ್ದರು. ಅವರ ಸ್ವಂತ ತಮ್ಮ ಕುಡಿದು ಕುಡಿದು ತರೀಕೆರೆಯ ಬಸ್‌ಸ್ಟ್ಯಾಂಡಿನಲ್ಲಿ ಸತ್ತಿದ್ದ. ಹಾಗೆ ಬಸ್‌ಸ್ಟ್ಯಾಂಡು, ಸ್ಟೇಷನ್ನು, ಸಂತೆಮಾಳಗಳಲ್ಲಿ ಬಿದ್ದಿರುವ, ಮನೆ ಮಠ ಕಳೆದುಕೊಂಡ ಗಂಡಸರನ್ನು ಅವರು ಎತ್ತಿನಗಾಡಿಯಲ್ಲೋ ಬಾಡಿಗೆ ವ್ಯಾನಿನಲ್ಲೋ ಹಾಕಿಕೊಂಡು ಬರುವರು. ಮೊದಲ ಐದು ದಿನ ಮಂಚಕ್ಕೆ ಕಟ್ಟುವುದು, ಗಂಜಿ ಮಜ್ಜಿಗೆ ಕುಡಿಸುವುದು, ಕಾಂಪೌಂಡರನ್ನು ಕರೆಸಿ ಸೂಜಿ ಹಾಕಿಸುವುದು, ಆಮೇಲೆ ತೆಂಗಿನ ನಾರಿನ ಹಗ್ಗ ಹೊಸೆಯಲು ಕೂರಿಸುವುದು. ಅವರಿಗೆ ಗೊತ್ತಿದ್ದ ಮದ್ದು ಇಷ್ಟೇ. ಮೂರು ವರ್ಷದಲ್ಲಿ ಅರವತ್ತಕ್ಕೂ ಹೆಚ್ಚು ಜನ ಬಂದು ಹೋಗಿದ್ದರು. ಹೋದವರಲ್ಲಿ ಕುಡಿಯದೆ ಉಳಿದವರು ಎಷ್ಟು ಎಂದು ಯಾರಾದರೂ ಕೇಳಿದರೆ ಮೇಷ್ಟ್ರು ಮಾತು ಬದಲಿಸುತ್ತಿದ್ದರು.

ತಿಮ್ಮಕ್ಕ ಅಲ್ಲಿಗೆ ಬಂದು ಎರಡು ವರ್ಷವಾಗಿತ್ತು. ಅಡುಗೆಗೆ ಹೆಂಗಸು ಬೇಕಂತೆ ಎಂದು ಬಸ್ಸಿನಲ್ಲಿ ಯಾರೋ ಆಡಿಕೊಂಡಿದ್ದನ್ನು ಕೇಳಿ ಬಂದವಳು, ಶೆಡ್ಡಿನ ಬಾಗಿಲಾಚೆಯೇ ನಿಂತು ತಾನು ಯಾವ ಕೇರಿಯವಳೆಂದು ಮೊದಲು ಹೇಳಿದ್ದಳು. "ಅಡುಗೆ ಬರುತ್ತಾ ಅಂತ ಕೇಳಿದೆ, ಕೇರಿ ಕೇಳಲಿಲ್ಲ" ಎಂದಿದ್ದರು ಮೇಷ್ಟ್ರು. ಆ ಮಧ್ಯಾಹ್ನ ಅವಳು ಕಟ್ಟಿದ ಮುದ್ದೆಯನ್ನು ಎಲ್ಲರಿಗಿಂತ ಮೊದಲು ತಾವೇ ಕೂತು ಉಂಡರು. "ಬುದ್ಧಿ" ಎಂದವಳನ್ನು ತಡೆದು "ಮೇಷ್ಟ್ರೆ ಅನ್ನು, ಸಾಕು" ಎಂದರು. ಊರಿನ ಒಂದಿಬ್ಬರು ದೊಡ್ಡವರು ಅಲ್ಲಿಂದ ಮುಂದೆ ಆಶ್ರಮದಲ್ಲಿ ನೀರು ಮುಟ್ಟಲಿಲ್ಲ, ಕೊಡುತ್ತಿದ್ದ ರಾಗಿಯನ್ನೂ ನಿಲ್ಲಿಸಿದರು. ಮೇಷ್ಟ್ರು ಬೇರೆ ಕಡೆ ಹೋಗಿ ಬೇಡಿ ತಂದರು. ತಿಮ್ಮಕ್ಕನಿಗೆ ಇದೆಲ್ಲ ಗೊತ್ತಿತ್ತು.

ಆಶ್ರಮಕ್ಕೆ ಬಂದ ಪ್ರತಿಯೊಬ್ಬರ ಹೆಸರನ್ನು ಬರೆದುಕೊಳ್ಳುವ ನೋಟ್‌ಬುಕ್ಕೊಂದಿತ್ತು. "ನಿನಗೆ ಯಾರಿದ್ದಾರೆ?" ಎಂದು ಅವರು ಅವಳನ್ನೂ ಕೇಳಿದ್ದರು. "ಯಾರೂ ಇಲ್ಲ" ಎಂದಿದ್ದಳು ಅವಳು. ಮಗ ಇದ್ದಾನೆ ಎಂದಿದ್ದರೆ, ಮಗನನ್ನು ಬಿಟ್ಟು ಯಾಕೆ ಬಂದೆ ಎಂಬ ಮಾತು ಬರುತ್ತಿತ್ತು. ಪಂಚನಹಳ್ಳಿ ಕಡೆಯ ತನ್ನ ಊರಿನಲ್ಲಿ ನಡೆದದ್ದನ್ನೆಲ್ಲ ಹೇಳಬೇಕಾಗುತ್ತಿತ್ತು. ಕಡೂರಿನಲ್ಲಿ ತೆಂಗಿನಕಾಯಿ ಲಾರಿಗೆ ಮೂಟೆ ಹೊರುತ್ತಿದ್ದ ಮಗ ರಂಗಪ್ಪ ಸಾರಾಯಿಗೆ ಬಿದ್ದದ್ದು, ಹೆಂಡತಿ ಕೂಸನ್ನು ಎತ್ತಿಕೊಂಡು ತವರಿಗೆ ಹೋದದ್ದು, ಅವನು ಮನೆಯ ಪಾತ್ರೆ, ಕೋಳಿ, ಕೊನೆಗೆ ಬಾಗಿಲನ್ನೂ ಕಿತ್ತು ಮಾರಿದ್ದು. ಬಾಗಿಲಿಗೆ ಅಡ್ಡ ನಿಂತ ದಿನವೇ ಅವಳ ಎಡಗೈ ಮಣಿಕಟ್ಟು ಮುರಿದದ್ದು. ನಾಟಿ ಕಟ್ಟು ಕಟ್ಟಿಸಿದರೂ ಅದು ಸೊಟ್ಟಗೇ ಕೂಡಿಕೊಂಡಿತ್ತು. ಮುದ್ದೆ ಕೂಡಿಸುವಾಗ ಈಗಲೂ ನೋವು ಹಿಡಿಯುತ್ತಿತ್ತು.

ರಂಗಪ್ಪನನ್ನು ಐದಲ್ಲ, ಏಳು ದಿನ ಮಂಚಕ್ಕೆ ಕಟ್ಟಬೇಕಾಯಿತು. ಮೈಮೇಲೆ ಇರುವೆ ಹರಿಯುತ್ತಿವೆ ಎಂದು ಅರಚುತ್ತಿದ್ದ. ಸೂರಿನ ತಗಡಿನ ಮೇಲೆ ಯಾರೋ ಕೂತು ತನ್ನ ಹೆಸರು ಕರೆಯುತ್ತಿದ್ದಾರೆ ಎನ್ನುತ್ತಿದ್ದ. ಹೊಸಬರಿಗೆ ಗಂಜಿ ಕುಡಿಸುವ ಕೆಲಸ ದೇವೀರಪ್ಪನದು. ತಿಮ್ಮಕ್ಕ ಗಂಜಿ ಬಸಿದು ಕೊಡುವಳು, ಅಡುಗೆಮನೆಯ ಕಿಂಡಿಯಿಂದ ನೋಡುವಳು. ಎಂಟನೆಯ ದಿನ ಬೆಳಿಗ್ಗೆ ದೇವೀರಪ್ಪ ಬಾವಿಗೆ ಹೋಗಿದ್ದಾಗ ಲೋಟ ಹಿಡಿದು ತಾನೇ ಹೋದಳು. ಅವನ ಕಣ್ಣು ತಿಳಿಯಾಗಿತ್ತು. ಅವಳನ್ನು ತುಂಬಾ ಹೊತ್ತು ನೋಡಿದ.

"ಅವ್ವ, ನೀನಾ?"

"ಮೆಲ್ಲಕೆ ಮಾತಾಡು."

"ಸತ್ತೋಗಿದೀಯ ಅಂತಿದ್ರು ಊರಲ್ಲಿ."

"ಕುಡಿ ಮೊದ್ಲು."

ಎರಡು ಗುಟುಕು ಕುಡಿದು ಅವನು ಮುಖ ಆ ಕಡೆ ತಿರುಗಿಸಿದ. "ಇವರಿಗೆ ಹೇಳ್ಬ್ಯಾಡ ಕಣವ್ವ. ಹೆತ್ತವಳ ಕೈ ಮುರ್ದೋನು ಅಂತ ಗೊತ್ತಾದ್ರೆ ಯಾರೂ ನನ್ ಮಕ ನೋಡಾಕಿಲ್ಲ."

"ನಾನೂ ಹೇಳಿಲ್ಲ. ನಂಗೆ ಯಾರೂ ಇಲ್ಲ ಅಂತ ಬರ್ಸಿದೀನಿ."

"ಅಂಗೇ ಇರ್ಲಿ."

"ಅಂಗೇ ಇರ್ಲಿ" ಎಂದಳು ಅವಳೂ.

ಅದೇ ಸಂಜೆ ಮೇಷ್ಟ್ರು ನೋಟ್‌ಬುಕ್ಕು ತೆಗೆದು ಅವನ ಮಂಚದ ಪಕ್ಕ ಕೂತರು. ಹೆಸರು, ಊರು, ಕೆಲಸ ಎಲ್ಲ ಆಯಿತು. "ನಿನಗೆ ಯಾರಿದ್ದಾರೆ?" ಎಂದರು. "ಯಾರೂ ಇಲ್ಲ ಸಾರ್" ಎಂದ ರಂಗಪ್ಪ. ಇಬ್ಬರೂ ಕೂಡಿ ಒಪ್ಪಿಕೊಂಡ ಮಾತೇ ಆದರೂ, ಒಳಗೆ ಕಾಳು ಆರಿಸುತ್ತಿದ್ದ ತಿಮ್ಮಕ್ಕನಿಗೆ ಮೊರದಲ್ಲಿ ಕಲ್ಲು ಯಾವುದು ಕಾಳು ಯಾವುದು ಎಂದು ಸ್ವಲ್ಪ ಹೊತ್ತು ಕಾಣಿಸಲಿಲ್ಲ.

ಆಗ ಆಶ್ರಮದಲ್ಲಿ ಇದ್ದವರು ಆರು ಜನ. ಅವರಲ್ಲಿ ಹಳಬ ದೇವೀರಪ್ಪ. ತರೀಕೆರೆಯಲ್ಲಿ ಬಟ್ಟೆ ಅಂಗಡಿಯೊಂದರ ಜಗಲಿಯ ಮೇಲೆ ಮಿಷನ್ ಇಟ್ಟುಕೊಂಡು ಹೊಲಿಯುತ್ತಿದ್ದ ಸಿಂಪಿಗರವನು, ವಯಸ್ಸು ಅರವತ್ತರ ಹತ್ತಿರ. ಕುಡಿತದಿಂದ ಕೈ ನಡುಗಿ ಸೂಜಿಗೆ ದಾರ ಏರಿಸಲಾಗದೆ, ಮೊದಲು ಗಿರಾಕಿ ಹೋದರು, ಆಮೇಲೆ ಮಿಷನ್ ಹೋಯಿತು, ಆಮೇಲೆ ಮನೆಯವರು ಹೋದರು. ರಂಗಪ್ಪ ಬರುವ ಹೊತ್ತಿಗೆ ಏಳು ತಿಂಗಳಿಂದ ಒಂದು ಹನಿ ಮುಟ್ಟಿರಲಿಲ್ಲ. ಒಂದು ದಿನ ಮೇಷ್ಟ್ರ ಅಂಗಿಯ ಗುಂಡಿ ಹಾಕಲು ಸೂಜಿ ತೆಗೆದುಕೊಂಡವನು, ದಾರ ಒಂದೇ ಸಲಕ್ಕೆ ಒಳಗೆ ಹೋದದ್ದನ್ನು ನೋಡಿ ಸೂಜಿಯನ್ನು ಎತ್ತಿ ಹಿಡಿದುಕೊಂಡು ಶೆಡ್ಡಿನಲ್ಲಿದ್ದವರಿಗೆಲ್ಲ ತೋರಿಸಿಕೊಂಡು ಬಂದಿದ್ದ. ಮೇಷ್ಟ್ರು ಎಲ್ಲಿಂದಲೋ ಹಳೆಯ ಮಿಷನ್ ಒಂದನ್ನು ತಂದುಕೊಟ್ಟರು. ಶಿವರಾತ್ರಿ ಕಳೆದ ಮೇಲೆ ತರೀಕೆರೆಯ ಅದೇ ಜಗಲಿಗೆ ವಾಪಸು ಹೋಗುವುದೆಂದು ಅಂಗಡಿಯವರ ಹತ್ತಿರ ಮಾತೂ ಆಗಿತ್ತು.

"ಹರಿದಿದ್ದು ಏನಾದ್ರೂ ಇದ್ರೆ ಕೊಡಿ ತಿಮ್ಮಕ್ಕ, ನನ್ ಕೈಗೂ ಕೆಲಸ ಬೇಕು" ಎಂದು ಅವನು ಕೇಳುತ್ತಿದ್ದ. ಆಶ್ರಮದಲ್ಲಿ ಅವಳಿಗೆ ಬಹುವಚನ ಹಚ್ಚಿ ಮಾತಾಡುತ್ತಿದ್ದವನು ಅವನೊಬ್ಬನೇ. ಅವಳು ನಾಚಿಕೊಂಡೇ ಒಂದು ಕುಪ್ಪಸ ಕೊಟ್ಟಳು. ವಾಪಸು ಬಂದಾಗ ಕಂಕುಳಿನ ಹರುಕಿಗೆ ತೇಪೆ ಇರಲಿಲ್ಲ, ಎರಡೂ ತೋಳನ್ನು ಬಿಚ್ಚಿ ಹೊಸ ಬಟ್ಟೆ ಕೂಡಿಸಿ ಹೊಲಿದಿದ್ದ. ಅವಳು ಅದನ್ನು ಹಾಕಿಕೊಳ್ಳದೆ ಬಹಳ ದಿನ ಮಡಿಸಿ ಇಟ್ಟಿದ್ದಳು.

ಈ ದೇವೀರಪ್ಪನಿಗೆ ರಂಗಪ್ಪನೆಂದರೆ ಪ್ರಾಣವಾಯಿತು. ತಾನೇ ಗಂಜಿ ಕುಡಿಸಿ ಎಬ್ಬಿಸಿದವನೆಂಬ ಕಕ್ಕುಲತೆ ಇರಬಹುದು. ಗುಂಡಿಗೆ ಕಾಜಾ ಹೊಲಿಯುವುದನ್ನು ಕಲಿಸಿದ. "ನನ್ ಜೊತೆ ತರೀಕೆರೆಗೆ ಬಾರಪ್ಪ, ಜಗಲಿ ಇಬ್ರಿಗೆ ಸಾಲುತ್ತೆ. ಎರಡು ಹೊತ್ತು ಉಂಡ್ಕಂಡು ಇರೋಣ" ಎನ್ನುತ್ತಿದ್ದ. ರಂಗಪ್ಪನೂ ತಲೆಯಾಡಿಸುತ್ತಿದ್ದ. ಅವನ ಕೆನ್ನೆ ತುಂಬಿಕೊಂಡಿತು. ಹಗ್ಗ ಹೊಸೆಯುವುದರಲ್ಲಿ ಎಲ್ಲರಿಗಿಂತ ಮುಂದಾದ. ಸಂಜೆಯ ಭಜನೆಯಲ್ಲಿ ದನಿ ಎತ್ತಿ ಹಾಡುತ್ತಿದ್ದ. ಹೊರಗಿನವರು ಯಾರಾದರೂ ಆಶ್ರಮ ನೋಡಲು ಬಂದರೆ ಮೇಷ್ಟ್ರು ಅವನನ್ನೇ ಕರೆದು ಮಾತಾಡಿಸುತ್ತಿದ್ದರು. ಬೀರೂರಿನ ಪ್ಲಾಟ್‌ಫಾರ್ಮಿನಿಂದ ತಂದದ್ದು ಇವನನ್ನೇ ಎಂದು ಅವರು ಹೇಳುವಾಗ, ಒಳಗೆ ಲೋಟ ತೊಳೆಯುತ್ತಿದ್ದ ತಿಮ್ಮಕ್ಕ ನೀರು ಸುರಿಯುವುದನ್ನು ನಿಲ್ಲಿಸಿ ಕೇಳುತ್ತಿದ್ದಳು. ಇವನು ನನ್ನವನು ಎಂದು ಒಂದು ಸಲವಾದರೂ ಹೇಳಬೇಕೆಂದು ಅವಳ ಬಾಯಿಗೆ ಬರುತ್ತಿತ್ತು. ಇನ್ನೊಂದು ತಿಂಗಳು ಹೋಗಲಿ, ಗಟ್ಟಿಯಾಗಲಿ ಎಂದುಕೊಳ್ಳುವಳು. ತಿಂಗಳು ಹೋಗುತ್ತಿತ್ತು. ಮತ್ತೆ ಅದೇ ಅಂದುಕೊಳ್ಳುವಳು.

ರಂಗಪ್ಪ ದೀಪಾವಳಿ ಆದಮೇಲೆ ಬಂದವನು. ಈಗ ಶಿವರಾತ್ರಿಗೆ ಹತ್ತು ದಿನ ಇತ್ತು. ಒಂದು ಬೆಳಿಗ್ಗೆ ತಿಮ್ಮಕ್ಕ ಎದ್ದು ಬರುವಷ್ಟರಲ್ಲಿ ಒಲೆ ಸಾರಿಸಿತ್ತು, ಹಂಡೆ ತುಂಬಿತ್ತು, ಸೌದೆ ಸೀಳಿ ಗೋಡೆಗೆ ಒಟ್ಟಿತ್ತು. ರಂಗಪ್ಪ ಹೊಸಿಲ ಮೇಲೆ ಕೂತಿದ್ದ.

"ಯಾರು ಹೇಳಿದ್ರು ನಿಂಗೆ ಇದೆಲ್ಲ ಮಾಡಾಕೆ?"

"ಯಾಕೆ, ಮಾಡ್ಬಾರ್ದಾ?" ಎಂದು ನಕ್ಕ. ಆಮೇಲೆ ಸುತ್ತ ನೋಡಿ, ಯಾರೂ ಇಲ್ಲದ್ದು ಖಾತ್ರಿ ಮಾಡಿಕೊಂಡು, ಅವಳ ಸೊಟ್ಟ ಮಣಿಕಟ್ಟನ್ನು ತನ್ನ ಎರಡು ಕೈಯಲ್ಲಿ ಹಿಡಿದುಕೊಂಡ. "ಈಗ್ಲೂ ನೋಯ್ತದಾ ಅವ್ವ?" ಎಂದ. ಒಲೆಯ ಪಕ್ಕದ ಬಟ್ಟಲಿನಿಂದ ಬೆಚ್ಚಗಿನ ಎಣ್ಣೆ ತೆಗೆದು ತಿಕ್ಕಿದ. ನಿಧಾನವಾಗಿ, ಬೆರಳ ತುದಿಯವರೆಗೆ ತಿಕ್ಕಿದ.

ತಿಮ್ಮಕ್ಕ ಕೈಯನ್ನು ಮೆಲ್ಲಗೆ ಹಿಂದಕ್ಕೆ ಎಳೆದುಕೊಂಡಳು. ಈ ಒಳ್ಳೆಯತನ ಅವಳಿಗೆ ಹೊಸದಲ್ಲ. ಊರಿನಲ್ಲಿ, ಕುಡಿತವನ್ನು ಬಿಟ್ಟು ಹದಿನೈದು ದಿನ, ಇಪ್ಪತ್ತು ದಿನ ಕಳೆದು ಮತ್ತೆ ಹೊರಡುವ ಮುಂಚೆ ಅವನು ಹೀಗೇ ಆಗುತ್ತಿದ್ದ. ನೀರು ಹೊತ್ತು ತರುವನು, ಕೂಸನ್ನು ಎತ್ತಿ ಆಡಿಸುವನು, ಅವಳ ಕಾಲು ಒತ್ತುವನು. ಒಳಗೆ ತೀರ್ಮಾನವಾಗಿಬಿಟ್ಟ ಮೇಲೆ ಮನಸ್ಸು ಹಗುರಾಗುತ್ತಿತ್ತೋ, ಮುಂದೆ ಮಾಡುವುದಕ್ಕೆ ಈಗಲೇ ತಪ್ಪು ಒಪ್ಪಿಕೊಳ್ಳುತ್ತಿದ್ದನೋ. ಅದರ ಮಾರನೆಯ ದಿನ, ಇಲ್ಲವೇ ಅದರಾಚೆಯ ದಿನ, ಅವನು ಮನೆಗೆ ಬರುತ್ತಿರಲಿಲ್ಲ.

ಈಗ ಹಾಗಿರಲಾರದು, ನಾಲ್ಕು ತಿಂಗಳಾಯಿತಲ್ಲ, ಇದು ನಿಜವಾದದ್ದೇ ಇರಬೇಕು ಎಂದು ಅವಳು ದಿನವೆಲ್ಲ ತನಗೆ ತಾನೇ ಹೇಳಿಕೊಂಡಳು.

ಸಂಜೆ ಮೇಷ್ಟ್ರು ಅಡುಗೆಮನೆಯ ಬಾಗಿಲಿಗೆ ಬಂದು ನಿಂತರು. ಅವರ ಮಗಳಿಗೆ ಚಿಕ್ಕಮಗಳೂರಿನಲ್ಲಿ ಹೆರಿಗೆ ದಿನ ಹತ್ತಿರವಾಗಿತ್ತು, ನಾಳೆ ಬೆಳಿಗ್ಗೆ ಹೊರಡಬೇಕಿತ್ತು.

"ನಾಳೆ ಕಡೂರು ಸಂತೆ. ಹಗ್ಗದ ಹೊರೆ ಬಹಳ ಕೂತುಬಿಟ್ಟಿದೆ. ಪ್ರತಿಸಲ ನಾನೇ ಜೊತೇಲಿ ಹೋಗ್ತಿದ್ದೆ. ಈ ಸಲ ರಂಗಪ್ಪನ ಕೈಲಿ ಕಳಿಸೋಣ ಅಂತಿದ್ದೀನಿ. ದೇವೀರಪ್ಪನೂ ಹೋಗ್ಲಿ, ಮಿಷನ್ನಿಗೆ ಬೆಲ್ಟು ತಗೋಬೇಕಂತೆ." ಹೊರಗೆ ಒಮ್ಮೆ ಕಣ್ಣು ಹಾಯಿಸಿ ದನಿ ತಗ್ಗಿಸಿದರು. "ನೀನು ಇವರನ್ನೆಲ್ಲ ಹತ್ತಿರದಿಂದ ನೋಡ್ತೀಯ. ಊಟಕ್ಕೆ ಕೂತಾಗ ಮನುಷ್ಯ ಹೆಂಗೆ ಅಂತ ನಿನಗೆ ಗೊತ್ತಾಗುತ್ತೆ. ಏನಂತೀಯ? ಕಳಿಸಬಹುದಾ?"

ಅವಳ ಕೈಯಲ್ಲಿ ಹಿಟ್ಟಿನ ಕೋಲಿತ್ತು. ಬೇಡ ಎನ್ನಬಹುದಿತ್ತು. ಯಾಕೆ ಎಂದು ಅವರು ಕೇಳುತ್ತಿದ್ದರು. ಬೆಳಿಗ್ಗೆ ಸೌದೆ ಸೀಳಿದ ಎಂದರೆ ಅವರಿಗೆ ಅರ್ಥವಾಗುತ್ತಿತ್ತೇ? ಕೈಗೆ ಎಣ್ಣೆ ತಿಕ್ಕಿದ ಎಂದರೆ, ನಿನ್ನ ಕೈಗೆ ಅವನು ಯಾಕೆ ಎಣ್ಣೆ ತಿಕ್ಕುತ್ತಾನೆ ಎನ್ನುತ್ತಿದ್ದರು. ಅದಕ್ಕಿಂತ ಹೆಚ್ಚಾಗಿ, ಮೇಷ್ಟ್ರು ಅವಳ ಮಗನನ್ನು ನಂಬಿ ಬಾಗಿಲಲ್ಲಿ ನಿಂತಿದ್ದರು. ರಂಗಪ್ಪನನ್ನು ಯಾರಾದರೂ ನಂಬಿ ಎಷ್ಟು ವರ್ಷವಾಗಿತ್ತೋ. ಆ ನಂಬಿಕೆಗೆ ತಾನೇ ಕೈಯಾರೆ ಮಣ್ಣು ಹಾಕಬೇಕೇ?

"ಕಳ್ಸಿ ಮೇಷ್ಟ್ರೆ. ಒಳ್ಳೆ ಹುಡ್ಗ" ಎಂದಳು.

"ನನಗೂ ಹಾಗೇ ಅನ್ನಿಸ್ತು" ಎಂದು ಅವರು ಹೋದರು.

ಮಾರನೆಯ ದಿನ ಇಬ್ಬರೂ ಮೊದಲ ಬಸ್ಸಿಗೆ ಹೊರಟರು. ದೇವೀರಪ್ಪ ತಲೆಗೆ ಎಣ್ಣೆ ಹಚ್ಚಿ, ತಾನೇ ಹೊಲಿದುಕೊಂಡ ಬಿಳಿ ಅಂಗಿ ಹಾಕಿದ್ದ. "ಸಂಜೆ ಬತ್ತೀವಿ ತಿಮ್ಮಕ್ಕ, ನಮ್ದೂ ಮುದ್ದೆ ಕಟ್ಟಿಡಿ" ಎಂದ. ರಂಗಪ್ಪ ಹಗ್ಗದ ಹೊರೆ ಹೊತ್ತು ಮುಂದೆ ನಡೆದಿದ್ದ, ತಿರುಗಿ ನೋಡಲಿಲ್ಲ.

ಸಂಜೆಯ ಬಸ್ಸಿಗೆ ಅವರು ಬರಲಿಲ್ಲ. ಅದರ ನಂತರದ ಬಸ್ಸಿಗೂ ಬರಲಿಲ್ಲ. ಉಳಿದ ನಾಲ್ವರು ಊಟ ಮಾಡಿ, ಒಬ್ಬರ ಮುಖ ಒಬ್ಬರು ನೋಡಿಕೊಂಡು ಮಲಗಿದರು. ಅವರಿಗೆಲ್ಲ ತಿಳಿದಿತ್ತು. ಮಾರನೆಯ ದಿನವೂ ಕಳೆಯಿತು. ಮೂರನೆಯ ದಿನ ಬೆಳಿಗ್ಗೆ ಪೊಲೀಸಿನವನೊಬ್ಬ ಸೈಕಲ್ಲಿನಲ್ಲಿ ಬಂದು, ಕಡೂರಿನ ಕೆರೆ ಏರಿಯ ಕೆಳಗೆ ಒಬ್ಬ ಮುದುಕನ ಹೆಣ ಸಿಕ್ಕಿದೆಯೆಂದೂ, ಜೇಬಿನಲ್ಲಿದ್ದ ಚೀಟಿಯಲ್ಲಿ ಆಶ್ರಮದ ಹೆಸರಿದೆಯೆಂದೂ ಹೇಳಿದ. ಕುಡಿದು ಅಂಗಾತ ಮಲಗಿದವನು ತನ್ನ ವಾಂತಿಯಲ್ಲೇ ಉಸಿರು ಕಟ್ಟಿ ಹೋಗಿದ್ದ. ಜೊತೆಗೆ ಯಾರಾದರೂ ಇದ್ದು ಪಕ್ಕಕ್ಕೆ ತಿರುಗಿಸಿದ್ದರೆ ಉಳಿಯುತ್ತಿದ್ದ ಎಂದು ಡಾಕ್ಟರು ಹೇಳಿದರಂತೆ. ಜೊತೆಗೆ ಯಾರೂ ಇರಲಿಲ್ಲ.

ಮೇಷ್ಟ್ರು ಚಿಕ್ಕಮಗಳೂರಿನಿಂದ ನೇರ ಕಡೂರಿಗೆ ಹೋಗಿ ಸಹಿ ಹಾಕಿ ಹೆಣ ತಂದರು. ತರೀಕೆರೆಯ ಮನೆಯವರಿಗೆ ಹೇಳಿಕಳಿಸಿದರೆ, ನಮಗೂ ಅವರಿಗೂ ಸಂಬಂಧವಿಲ್ಲ ಎಂಬ ಉತ್ತರ ಬಂತು. ಶೆಡ್ಡಿನ ಹಿಂದಿನ ಬೀಳು ನೆಲದಲ್ಲಿ ನಾಲ್ವರು ಗುಂಡಿ ತೆಗೆದರು. ಮಣ್ಣು ಎಳೆಯುವ ಮುಂಚೆ ಮೇಷ್ಟ್ರು ಒಂದು ಹಿಡಿ ವಿಭೂತಿ ಹಾಕಿದರು. ತಿಮ್ಮಕ್ಕ ದೂರದಲ್ಲಿ ನಿಂತಿದ್ದಳು. ಅವನು ಹೊಲಿದುಕೊಟ್ಟ ಕುಪ್ಪಸವನ್ನು ಅವತ್ತು ಮೊದಲ ಸಲ ಹಾಕಿಕೊಂಡಿದ್ದಳು. ಅಳತೆ ಸರಿಯಾಗಿತ್ತು.

ಅಂದಿನಿಂದ ಮೇಷ್ಟ್ರ ಊಟ ಅರ್ಧವಾಯಿತು. ಮಗಳಿಗೆ ಗಂಡುಮಗುವಾದ ಕಾಗದ ಬಂದರೂ ಓದಿ ಮಡಿಸಿಟ್ಟರು. ಭಜನೆ ನಿಂತಿತು. ಎದುರಿಗೆ ಯಾರೇ ಕೂತಿರಲಿ, ಮಾತಿನ ನಡುವೆ ಥಟ್ಟನೆ ನಿಲ್ಲಿಸಿ "ನಾನೇ ಕಳಿಸಿದ್ದು" ಎನ್ನುವರು. "ಕುಡಿತ ಬಿಟ್ಟು ಏಳು ವರ್ಷ ಆಗಿದ್ರೂ ಕಳಿಸಬಾರದಾಗಿತ್ತು. ದೇವೀರಪ್ಪನಿಗೆ ಹನ್ನೊಂದೇ ತಿಂಗಳು. ನಾನೇ ಕಳಿಸಿದ್ದು." ತಟ್ಟೆ ಹಿಡಿದು ನಿಂತ ತಿಮ್ಮಕ್ಕನ ಕಡೆ ನೋಡಿಯೂ ಒಂದು ಸಲ ಹಾಗೆಂದರು. ನಿನ್ನನ್ನು ಕೇಳಿದ್ದೆನಲ್ಲ ಎಂದು ಮಾತ್ರ ಅನ್ನಲಿಲ್ಲ. ಅಂದಿದ್ದರೆ ಅವಳಿಗೆ ಸುಲಭವಾಗುತ್ತಿತ್ತು. ದಿನವೂ ಹೇಳಬೇಕೆಂದು ಎದ್ದು, ದಿನವೂ ಹೇಳದೆ ಮಲಗಿದಳು. ಹೀಗೆ ಒಂಬತ್ತು ದಿನವಾಯಿತು.

ಶಿವರಾತ್ರಿಯ ಮಾರನೆಯ ದಿನ, ಹೊತ್ತು ನೆತ್ತಿಗೆ ಬರುವ ಸಮಯ. ಹೊರಗೆ ಗದ್ದಲ ಕೇಳಿ ತಿಮ್ಮಕ್ಕ ಬಾಗಿಲಿಗೆ ಬಂದಳು. ಬಿದಿರಿನ ಗೇಟಿನಾಚೆ ರಂಗಪ್ಪ ನಿಂತಿದ್ದ. ನಿಂತಿದ್ದ ಎನ್ನುವುದಕ್ಕಿಂತ ಗೇಟು ಅವನನ್ನು ಹಿಡಿದುಕೊಂಡಿತ್ತು. ಮೈಮೇಲೆ ಅಂಗಿ ಇರಲಿಲ್ಲ. ಹಣೆಯ ಗಾಯಕ್ಕೆ ನೊಣ ಕೂತಿತ್ತು. ಕೈಕಾಲು ನಡುಗಿ ಬಿದಿರಿನ ಗಳಗಳೆಲ್ಲ ಅಲ್ಲಾಡುತ್ತಿದ್ದವು. ಓಬಳಪ್ಪ ಎಂಬ, ಕಲ್ಲು ಒಡೆಯುವ ಕೆಲಸದಿಂದ ಬಂದ ದೊಡ್ಡಾಳು, ಒಳಗಿನಿಂದ ಅಗಳಿ ಒತ್ತಿ ಹಿಡಿದಿದ್ದ. ಉಳಿದ ಮೂವರು ಅವನ ಹಿಂದೆ.

"ಇವ್ನು ಒಳಕ್ಕೆ ಬಂದ್ರೆ ನಾವು ಆಚೆಗೆ, ಮೇಷ್ಟ್ರೆ. ಆ ಮುದುಕನ್ನ ಕರ್ಕಂಡೋಗಿ ಕುಡ್ಸಿ, ಸಾಯಾಕೆ ಬಿಟ್ಟು ಓಡ್ದೋನು" ಎಂದ ಓಬಳಪ್ಪ.

"ನಾನು ಕುಡ್ಸಿಲ್ಲ. ಒಂದೇ ಗ್ಲಾಸು ಅಂತ ಅವ್ನೇ ಬಂದ" ಎಂದ ರಂಗಪ್ಪ. ಹಲ್ಲು ಕಟಕಟ ಎನ್ನುತ್ತಿತ್ತು. "ನಾನು ಎದ್ದಾಗ ಅವ್ನು ಮಲ್ಗಿದ್ದ. ಮಲ್ಗವ್ನೆ ಅಂದ್ಕಂಡೆ. ಕಟ್ಟಾಕಿ ಸಾರ್ ನನ್ನ. ಮಂಚಕ್ಕೆ ಕಟ್ಟಾಕಿ."

ಬಂದವರನ್ನು ವಾಪಸು ಕಳಿಸುವುದಿಲ್ಲ ಎಂಬುದು ಆ ಆಶ್ರಮಕ್ಕೆ ಮೇಷ್ಟ್ರು ಹಾಕಿಕೊಂಡಿದ್ದ ಒಂದೇ ನಿಯಮ. ಗೇಟನ್ನೂ, ಹಿಂದೆ ನಿಂತ ನಾಲ್ವರನ್ನೂ ನೋಡಿದರು. ಒಂಬತ್ತು ದಿನದಲ್ಲಿ ಅವರ ಕತ್ತು ಬಗ್ಗಿತ್ತು.

ರಂಗಪ್ಪನ ಕಣ್ಣು ಅವರನ್ನು ದಾಟಿ ಬಾಗಿಲಿಗೆ ಬಂತು. "ಅವ್ವಾ" ಎಂದ. "ಅವ್ವಾ, ನೀನಾರ ಹೇಳವ್ವಾ. ಗೇಟು ತೆಗ್ಯಾಕೆ ಹೇಳವ್ವಾ."

ಎಲ್ಲರೂ ತಿರುಗಿದರು. ಮೊದಲು ಯಾರಿಗೂ ಅರ್ಥವಾಗಲಿಲ್ಲ. ನಡುಕ ಬಂದವರು ಯಾರನ್ನಾದರೂ ಅವ್ವ ಎನ್ನುವುದಿತ್ತು. ಆದರೆ ತಿಮ್ಮಕ್ಕ ಅಂಗಳಕ್ಕೆ ಇಳಿದು ಬಂದ ರೀತಿ ನೋಡಿ ಓಬಳಪ್ಪನ ಕೈ ಅಗಳಿಯಿಂದ ಸಡಿಲವಾಯಿತು.

"ಏನಿದು ತಿಮ್ಮಕ್ಕ? ಇವನು ಯಾರು ನಿನಗೆ?" ಎಂದರು ಮೇಷ್ಟ್ರು.

"ನನ್ ಮಗ."

ಓಬಳಪ್ಪ ಅಗಳಿ ಬಿಟ್ಟು ಒಂದು ಹೆಜ್ಜೆ ಹಿಂದೆ ಸರಿದ.

"ನಂಗೆ ಗೊತ್ತಿತ್ತು ಮೇಷ್ಟ್ರೆ. ಅವತ್ತು ನೀವು ಬಂದು ಕೇಳಿದ್ರಲ್ಲ, ಅವತ್ತೇ ಗೊತ್ತಿತ್ತು. ಇವ್ನು ಕುಡಿಯಾಕೆ ಹೊಂಟವ್ನೆ ಅಂತ. ಹೇಳ್ಳಿಲ್ಲ."

"ಗೊತ್ತಿತ್ತಾ?"

"ಗೊತ್ತಿತ್ತು."

ಅವರು ಅವಳನ್ನು ನೋಡುತ್ತಲೇ ಇದ್ದರು. ಬೈಯುತ್ತಾರೆಂದು, ಹೊಡೆದರೂ ಹೊಡೆಯಲಿ ಎಂದು ಅವಳು ಕಾದಳು. ಅವರು ಕನ್ನಡಕ ತೆಗೆದು ಪಂಚೆಯ ಚುಂಗಿನಿಂದ ಒರೆಸಿದರು, ಮತ್ತೆ ಹಾಕಿಕೊಳ್ಳದೆ ಕೈಯಲ್ಲೇ ಹಿಡಿದರು. ಆಮೇಲೆ ಕೇಳಿದರು, "ಈಗ ಏನು ಮಾಡಲಿ ಹೇಳು. ಒಳಗೆ ಬಿಡಲಾ?"

ಗೇಟಿನಾಚೆ ರಂಗಪ್ಪ ಅಳುತ್ತಿದ್ದ. ಕಣ್ಣೀರಿಗೂ ಮೂಗಿನ ನೀರಿಗೂ ವ್ಯತ್ಯಾಸ ಇರಲಿಲ್ಲ. ತಿಮ್ಮಕ್ಕ ಅವನ ಕಡೆ ನೋಡದೆ, ಆ ನಾಲ್ವರನ್ನು ನೋಡಿದಳು. ಅವರಲ್ಲಿ ಒಬ್ಬ ಬಂದು ಹದಿನೇಳೇ ದಿನವಾಗಿತ್ತು. ಇವತ್ತು ಆ ಗೇಟು ದಾಟಿದರೆ ಸಂಜೆಯೊಳಗೆ ಎಲ್ಲಿರುತ್ತಾನೆಂದು ಅವಳಿಗೆ ಗೊತ್ತಿತ್ತು.

"ಬ್ಯಾಡಿ ಮೇಷ್ಟ್ರೆ. ಒಳಕ್ಕೆ ಬಿಡ್ಬ್ಯಾಡಿ" ಎಂದಳು.

"ಅವ್ವಾ!"

ಅವಳು ಒಳಗೆ ಹೋದಳು. ಒಲೆಯ ಮೇಲೆ ಎಸರು ಕುದಿಯುತ್ತಿತ್ತು. ಹಿಟ್ಟು ಹಾಕಿದಳು, ಬೆಂದ ಮೇಲೆ ಕೋಲಿನಿಂದ ತೊಳಸಿದಳು, ಐದು ಮುದ್ದೆ ಕಟ್ಟಿ ತಟ್ಟೆಗೆ ಇಟ್ಟು ಮುಚ್ಚಿದಳು. ಸಾರು ಇಳಿಸಿದಳು. ಕೆಂಡಕ್ಕೆ ಬೂದಿ ಮುಚ್ಚಿದಳು. ಗೋಡೆಯ ಗೂಟದಲ್ಲಿದ್ದ ಎರಡು ಸೀರೆಯನ್ನು ಗಂಟು ಕಟ್ಟಿಕೊಂಡು ಹೊರಗೆ ಬಂದಾಗ ಅಂಗಳದಲ್ಲಿ ಮೇಷ್ಟ್ರೊಬ್ಬರೇ ಇದ್ದರು.

"ನೀನು ಹೋಗು ಅಂತ ನಾನು ಹೇಳಲಿಲ್ಲ" ಎಂದರು.

"ಇಲ್ಲ ಮೇಷ್ಟ್ರೆ. ನೀವು ಹೇಳ್ಳಿಲ್ಲ."

"ಅವನ ಜೊತೆ ಹೋಗಿ ಏನು ಮಾಡ್ತೀಯ? ಮತ್ತೆ ಕೈ ಮುರಿಸ್ಕೊಳ್ತೀಯಾ?" ಆ ಕೈ ಯಾರು ಮುರಿದದ್ದೆಂದು ಅವಳು ಹೇಳಿರಲಿಲ್ಲ. ಅವರಿಗೆ ಅದು ಆಗಲೇ ಹೊಳೆದಿತ್ತು.

ಅವಳು ಗಂಟನ್ನು ಕಂಕುಳಿಗೆ ಏರಿಸಿಕೊಂಡಳು. ಇಲ್ಲಿದ್ದು ಆ ತಟ್ಟೆಗಳಿಗೆ ಬಡಿಸಲಾರಳು ಎಂಬುದೊಂದು ತಿಳಿದಿತ್ತು. ಅಲ್ಲಿ ನಡುಗುತ್ತಾ ಬಿದ್ದವನನ್ನು ಪಕ್ಕಕ್ಕೆ ತಿರುಗಿಸಲು ಯಾರೂ ಇಲ್ಲ ಎಂಬುದೊಂದು ತಿಳಿದಿತ್ತು.

"ಊಟ ಮಾಡ್ಕೊಂಡಾದ್ರೂ ಹೋಗು" ಎಂದರು ಮೇಷ್ಟ್ರು.

ಅವಳು ಬಾಗಿ ನೆಲ ಮುಟ್ಟಿ ನಮಸ್ಕಾರ ಮಾಡಿ, ಅಗಳಿ ಸರಿಸಿ, ಹೊರಗೆ ಬಂದು ಮತ್ತೆ ಹಾಕಿದಳು.

ರಂಗಪ್ಪ ಬೇಲಿಯ ಬುಡದಲ್ಲಿ ಕುಸಿದಿದ್ದ. ಕಂಕುಳಿಗೆ ಕೈ ಹಾಕಿ ಎಬ್ಬಿಸಿದಳು. ಊರಿನ ಕಡೆ ಹೋದರೆ ಸಾರಾಯಿ ಅಂಗಡಿಯ ಮುಂದೆಯೇ ಹಾಯಬೇಕು, ಆದ್ದರಿಂದ ಶಿವನಿಯ ಕಡೆ ತಿರುಗಿದರು. ಹತ್ತು ಹೆಜ್ಜೆಗೆ ಒಂದು ಸಲ ಅವನು ನಿಲ್ಲುತ್ತಿದ್ದ, ಬಗ್ಗಿ ಹಸಿರು ನೀರು ಕಾರುತ್ತಿದ್ದ. ಹಿಂದಿನಿಂದ ಯಾರೂ ಕರೆಯಲಿಲ್ಲ.

ಅರ್ಧ ಮೈಲಿ ನಡೆಯುವಷ್ಟರಲ್ಲಿ ರೈಲ್ವೆ ಗೇಟು ಬಂತು. ಗೇಟು ಹಾಕಿತ್ತು. ಆ ಕಡೆ ಹುಲ್ಲಿನ ಗಾಡಿಯೊಂದು, ಈ ಕಡೆ ಸೈಕಲ್ಲಿನವರಿಬ್ಬರು ಕಾಯುತ್ತಿದ್ದರು. ರಂಗಪ್ಪ ಮೋರಿಯ ಕಟ್ಟೆಯ ಮೇಲೆ ಕೂತವನು ಹಾಗೇ ಪಕ್ಕಕ್ಕೆ ವಾಲಿದ. ತಿಮ್ಮಕ್ಕ ಗಂಟನ್ನು ಅವನ ತಲೆಯ ಕೆಳಗಿಟ್ಟು, ಅವನು ಅಂಗಾತ ಹೊರಳದಂತೆ ಬೆನ್ನಿಗೆ ತೊಡೆ ಒತ್ತಿ ಕೂತಳು. ಗೂಡ್ಸು ಗಾಡಿ ಬಂತು. ಬಹಳ ಉದ್ದವಿತ್ತು, ನೆಲ ಅದುರುತ್ತಾ ಹೋಯಿತು.

ಗೇಟು ಮೇಲೆದ್ದಿತು. ಸೈಕಲ್ಲಿನವರು ಆ ಕಡೆಗೆ ಹೋದರು, ಹುಲ್ಲಿನ ಗಾಡಿ ಈ ಕಡೆಗೆ ದಾಟಿತು. ಗೇಟಿನವನು ಹಸಿರು ಬಾವುಟ ಸುತ್ತುತ್ತಾ ಅವರನ್ನು ನೋಡಿದ.

"ಏನಮ್ಮೋ, ದಾಟಾಕಿಲ್ವಾ?"

"ದಾಟ್ತೀವಿ ಕಣಪ್ಪ" ಎಂದಳು ತಿಮ್ಮಕ್ಕ.

ಗೇಟಿನವನು ಮತ್ತೊಂದು ರೈಲಿಗೆ ಗೇಟು ಇಳಿಸುವ ಹೊತ್ತಿಗೂ ಅವರಿಬ್ಬರು ಅಲ್ಲೇ ಇದ್ದರು.